ಕ್ಯಾನ್ಸರ್ ಗಂಟಿಗೆ ಹರಡಿದೆಯಾ? ಕುತ್ತಿಗೆ, ಕಂಕುಳ ಸ್ಕ್ಯಾನಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡುವ ವೈದ್ಯೆ. ರೋಣ, ಮುಂಡರಗಿ, ಶಿಗ್ಗಾವಿ, ಹಾನಗಲ್ಲ, ಕಲಘಟಗಿ ಕಡೆಯಿಂದ ಬಂದವರು ಮಂಚದ ಮೇಲೆ ಮಲಗಿಕೊಂಡೇ ಪ್ರಶ್ನೆ ಕೇಳುತ್ತಾರೆ. ಹೊರಗೆ ಜನ ಕಾಯುತ್ತಿರುತ್ತಾರೆ, ನನ್ನ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಉತ್ತರ ಕೇಳಿಕೊಂಡು ಊರಿಗೆ ಹೋದವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅವರಿಗಾಗಿ ಇಲ್ಲಿ ಪೂರ್ತಿ ಬರೆದಿದ್ದೇನೆ.

ವರದಿಯಲ್ಲಿ ‘ಲಿಂಫ್ ನೋಡ್’ ಅಂತ ಬರೆದಿದ್ದಾರೆ. ಹಾಗಂದರೆ ಏನು?

ಕನ್ನಡ ಪುಸ್ತಕಗಳಲ್ಲಿ ದುಗ್ಧರಸ ಗ್ರಂಥಿ ಅಂತಾರೆ. ನಮ್ಮ ಕಡೆ ಮಂದಿ ಗಂಟು ಅಂತಾರೆ, ಗಡ್ಡಿ ಅಂತಾರೆ. ಕಾಲಿಗೆ ಮುಳ್ಳು ಮುರಿದು ಕೀವಾದಾಗ ತೊಡೆಸಂದಿಯಲ್ಲಿ ಒಂದು ಗಂಟು ನೋಯುತ್ತದೆ ಅಲ್ವಾ? ಅದೇ ಇದು. ಇಂಥವು ಮೈಯಲ್ಲಿ ನೂರಾರು ಇವೆ. ಕುತ್ತಿಗೆ, ಕಂಕುಳ, ತೊಡೆಸಂದಿ, ಹೊಟ್ಟೆಯೊಳಗೆ, ಎದೆಯೊಳಗೆ ಗುಂಪುಗುಂಪಾಗಿ ಇರುತ್ತವೆ. ಸೋಂಕಿನ ವಿರುದ್ಧ ಹೋರಾಡುವುದು ಅವುಗಳ ಕೆಲಸ. ಆದ್ದರಿಂದ ಗ್ರಂಥಿ ಇರುವುದು ರೋಗವಲ್ಲ. ‘ಲಿಂಫ್ ನೋಡ್ ಕಾಣಿಸಿದೆ’ ಅಂತ ಬರೆದಿದ್ದು ಓದಿಯೇ ಅಳುತ್ತ ಬಂದವರಿದ್ದಾರೆ. ಕಾಣಿಸಿದ ಗ್ರಂಥಿ ಹೇಗಿದೆ ಅನ್ನುವ ಮುಂದಿನ ಸಾಲು ಮುಖ್ಯ.

ಹುಣ್ಣು ಇರುವುದು ಬಾಯಲ್ಲಿ. ಕುತ್ತಿಗೆ ಯಾಕೆ ನೋಡ್ತೀರಿ?

ಎರಿ ಹೊಲಕ್ಕೆ ಜೋರು ಮಳೆ ಬಿದ್ದರೆ ನೀರು ಇಳಿಜಾರು ಹಿಡಿದು ಹರಿದು ಬದುವಿನ ಹತ್ತಿರ ನಿಲ್ಲುತ್ತದೆ. ಹೊಲದ ಕಸಕಡ್ಡಿ ಮೊದಲು ಸಿಗುವುದು ಅಲ್ಲೇ. ಮೈಯಲ್ಲೂ ದುಗ್ಧರಸಕ್ಕೆ, ಅಂದರೆ ಈ ಗ್ರಂಥಿಗಳ ಮೂಲಕ ಹರಿಯುವ ತಿಳಿ ದ್ರವಕ್ಕೆ, ಹೀಗೇ ಗೊತ್ತಾದ ದಾರಿಗಳಿವೆ. ನಾಲಿಗೆ, ಗಲ್ಲದ (ಕೆನ್ನೆಯ) ಒಳಭಾಗ, ವಸಡಿನ ಕ್ಯಾನ್ಸರ್ ಹರಡಿದರೆ ಸಾಮಾನ್ಯವಾಗಿ ಮೊದಲು ದವಡೆಯ ಕೆಳಗಿನ ಮತ್ತು ಕುತ್ತಿಗೆಯ ಮೇಲ್ಭಾಗದ ಗ್ರಂಥಿಗಳಿಗೆ ಬರುತ್ತದೆ. ಸ್ತನದ್ದು ಹೆಚ್ಚಾಗಿ ಅದೇ ಕಡೆಯ ಕಂಕುಳಿಗೆ. ಕಾಲಿನ ಚರ್ಮದ್ದು ತೊಡೆಸಂದಿಗೆ. ಹೊಟ್ಟೆಯೊಳಗಿನ ಕೆಲವು ಕ್ಯಾನ್ಸರ್‌ಗಳು ಎಡ ಭುಜದ ಅಡ್ಡ ಎಲುಬಿನ ಮೇಲೆ ಒಂದು ಗಂಟಾಗಿ ಮೊದಲ ಸಲ ತೋರುವುದೂ ಉಂಟು.

ನಮ್ಮ ಭಾಗದಲ್ಲಿ ಬಾಯಿ ಕ್ಯಾನ್ಸರ್ ನೋಡಿ ನೋಡಿ ಮನಸ್ಸು ಭಾರವಾಗಿದೆ. ಗುಟ್ಕಾವನ್ನು ರಾಜ್ಯದಲ್ಲಿ 2013ರಲ್ಲೇ ನಿಷೇಧ ಮಾಡಿದ್ದಾರೆ. ಆದರೆ ಪಾನ್ ಮಸಾಲೆಯದೊಂದು ಚೀಟು, ತಂಬಾಕಿನದೊಂದು ಚೀಟು ತಗೊಂಡು ಅಂಗೈಯಲ್ಲೇ ಕಲಸಿಕೊಳ್ಳುವ ಹುಡುಗರು ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ.

ಮುಟ್ಟಿ ನೋಡಿದರೆ ಗಂಟೇ ಸಿಗುತ್ತಿಲ್ಲ. ಆದರೂ ಸ್ಕ್ಯಾನ್ ಬೇಕಾ?

ಬೇಕು. ಕುತ್ತಿಗೆಯ ಬದಿಯಲ್ಲಿ ಒಂದು ದಪ್ಪ ಸ್ನಾಯು ಇದೆ. ಅದರ ಕೆಳಗೆ ಅಡಗಿರುವ ಎಂಟು-ಹತ್ತು ಮಿಲಿಮೀಟರ್ ಗ್ರಂಥಿ ಎಷ್ಟೇ ಅನುಭವಿ ಬೆರಳಿಗೂ ಸಿಗದೇ ಇರಬಹುದು. ಮೈ ದಪ್ಪ ಇದ್ದವರ ಕಂಕುಳಲ್ಲೂ ಅಷ್ಟೇ.

ಉಪವಾಸ ಬರಬೇಕಾ? ಹೇಗೆ ಮಾಡ್ತಾರೆ?

ಕುತ್ತಿಗೆ, ಕಂಕುಳ, ತೊಡೆಸಂದಿಯ ಸ್ಕ್ಯಾನಿಗೆ ಉಪವಾಸ ಬೇಡ. ನಾಷ್ಟಾ ಮಾಡಿ, ಮಾತ್ರೆ ನುಂಗಿಯೇ ಬನ್ನಿ. ಖಾಲಿ ಹೊಟ್ಟೆ ಕೇಳುವುದು ಹೊಟ್ಟೆಯ ಸ್ಕ್ಯಾನಿಗೆ. ಗದಗದಿಂದ ಬೆಳಗಿನ ರೈಲಿಗೆ ಬಂದ ಒಬ್ಬ ಅಜ್ಜಿ ಸುಮ್ನೆ ಮಧ್ಯಾಹ್ನದವರೆಗೆ ಉಪವಾಸ ಕೂತಿದ್ದರು. ಅವರಿಗೆ ಬೇಕಾಗಿದ್ದು ಕುತ್ತಿಗೆಯ ಸ್ಕ್ಯಾನ್ ಮಾತ್ರ.

ಮಲಗಿಸಿ ಭುಜದ ಕೆಳಗೆ ಸಣ್ಣ ದಿಂಬು ಇಡುತ್ತೇವೆ, ತಲೆ ಸ್ವಲ್ಪ ಹಿಂದಕ್ಕೆ ಬಾಗುತ್ತದೆ. ತಣ್ಣಗಿನ ಜೆಲ್ ಹಚ್ಚಿ, ಪ್ರೋಬ್ ಅನ್ನುವ ಸಾಧನವನ್ನು ಚರ್ಮದ ಮೇಲೆ ನಿಧಾನಕ್ಕೆ ಸರಿಸುತ್ತೇವೆ. ಒಂದು ಬದಿ ಮುಗಿದ ಮೇಲೆ ತಲೆ ತಿರುಗಿಸಿ ಇನ್ನೊಂದು ಬದಿ. ನೋವಿಲ್ಲ. ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಕೊರಳಲ್ಲಿ ತಾಳಿ, ಸರ ಇದ್ದರೆ ಬದಿಗೆ ಸರಿಸಬೇಕಾಗುತ್ತದೆ. ಲಿಂಗ ಕಟ್ಟಿಕೊಂಡವರು ಶಿವದಾರಕ್ಕೆ ಜೆಲ್ ಹತ್ತುತ್ತದೆ ಅಂತ ಅಳುಕುತ್ತಾರೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ನಾನೇ ಮೊದಲು ಹೇಳಿಬಿಡುತ್ತೇನೆ: ಲಿಂಗದ ಕರಡಿಗೆಯನ್ನು ನಿಮ್ಮ ಕೈಯಲ್ಲೇ ಹಿಡಿದುಕೊಳ್ಳಿ, ದಾರವನ್ನು ಒರೆಸುವ ಬಟ್ಟೆಯಿಂದ ಮುಚ್ಚುತ್ತೇನೆ. ಅಂಗೈಯಲ್ಲಿ ಕರಡಿಗೆ ಹಿಡಿದು ಕಣ್ಣು ಮುಚ್ಚಿ ಮಲಗಿದವರ ಕುತ್ತಿಗೆಯ ಬಿಗುವು ಇಳಿಯುವುದು ಪ್ರೋಬಿನ ಕೆಳಗೆ ನನಗೆ ಗೊತ್ತಾಗುತ್ತದೆ. ಚಿತ್ರವೂ ಚೆನ್ನಾಗಿ ಬರುತ್ತದೆ.

ಸ್ತನ, ಕಂಕುಳ ತೋರಿಸುವಾಗ ಹೆಣ್ಣುಮಕ್ಕಳು ಜೊತೆಗೆ ಒಬ್ಬ ಹೆಂಗಸು ಇರಲಿ ಅಂತ ಕೇಳಬಹುದು. ಕೇಳುವುದಕ್ಕೆ ಹಿಂಜರಿಯಬೇಡಿ.

ಇದು ಬಸುರಿಯರಿಗೆ ಮಾಡುವ ಯಂತ್ರ ಅಲ್ವಾ?

ಯಂತ್ರ ಅದೇ, ಪ್ರೋಬ್ ಬೇರೆ. ಹೊಟ್ಟೆಗೆ ಬಾಗಿದ ತುದಿಯದು ಬೇಕು. ಚರ್ಮದ ಸಮೀಪ ಇರುವ ಗ್ರಂಥಿಗಳಿಗೆ ಚಪ್ಪಟೆ ತುದಿಯದು, ಹೆಚ್ಚು ಕಂಪನದ್ದು ಬೇಕು. ಗೋಡೆಯ ಮೇಲಿರುವ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಅನ್ನುವ ಬೋರ್ಡು 1994ರ ಕಾಯ್ದೆಯ ಪ್ರಕಾರ ಹಾಕಿರುವುದು. ನಿಮ್ಮ ಕುತ್ತಿಗೆಯ ಸ್ಕ್ಯಾನಿಗೆ ಅದರ ಸಂಬಂಧ ಇಲ್ಲ.

ಎಕ್ಸ್‌ರೇ ತರಹ ಕಿರಣ ಬೀಳುತ್ತಾ?

ಇಲ್ಲ. ಕಿವಿಗೆ ಕೇಳದ ಶಬ್ದ ಅಷ್ಟೇ. ಬಸುರಿಯರಿಗೂ ಮಕ್ಕಳಿಗೂ ಮಾಡುತ್ತೇವೆ, ಎಷ್ಟು ಸಲ ಬೇಕಾದರೂ ಮಾಡಬಹುದು.

ಅಷ್ಟೊತ್ತು ಪರದೆ ನೋಡ್ತೀರಲ್ಲ, ಏನು ಹುಡುಕ್ತೀರಿ?

ಒಂದು ಅಲಸಂದಿ ಕಾಳು ಕೈಯಲ್ಲಿ ಹಿಡಿಯಿರಿ. ಉದ್ದ ಜಾಸ್ತಿ, ದಪ್ಪ ಕಮ್ಮಿ. ಬೆಳ್ಳಗಿನ ಕಾಳು, ಪಕ್ಕದಲ್ಲಿ ಕಪ್ಪು ಕಣ್ಣು. ಆರೋಗ್ಯವಾಗಿರುವ ಗ್ರಂಥಿ ಪರದೆಯ ಮೇಲೆ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಬಣ್ಣ ಮಾತ್ರ ಉಲ್ಟಾ: ಕಾಳು ಕಪ್ಪು, ಕಣ್ಣು ಬಿಳಿ. ಆ ಬಿಳಿ ಕಣ್ಣಿಗೆ ಹೈಲಂ ಅಂತಾರೆ. ಕೊಬ್ಬು ತುಂಬಿದ ಜಾಗ ಅದು. ರಕ್ತನಾಳ ಒಳಗೆ ಹೋಗುವುದು ಅಲ್ಲಿಂದಲೇ. ಸುತ್ತಲಿನ ಕಪ್ಪು ಪದರ ಕಾರ್ಟೆಕ್ಸ್.

ಕ್ಯಾನ್ಸರ್ ಜೀವಕೋಶಗಳನ್ನು ಹೊತ್ತು ತರುವ ಸಣ್ಣ ಕಾಲುವೆಗಳು ಈ ಹೊರಗಿನ ಪದರದೊಳಗೇ ಬಂದು ಬೀಳುತ್ತವೆ. ಹಾಗಾಗಿ ಮೊದಲು ಕೆಡುವುದು ಅಂಚು. ಒಂದು ಕಡೆ ಪದರ ಉಬ್ಬುತ್ತದೆ. ಕಂಕುಳಿನ ಗ್ರಂಥಿಯಲ್ಲಿ ಪದರದ ದಪ್ಪ 3 ಮಿಲಿಮೀಟರ್ ದಾಟಿದರೆ ನಾನು ಅಲ್ಲೇ ನಿಲ್ಲುತ್ತೇನೆ, ಮತ್ತೊಮ್ಮೆ ಅಳೆಯುತ್ತೇನೆ. ರೋಗ ಬೆಳೆದಂತೆ ಬಿಳಿ ಕಣ್ಣು ಬದಿಗೆ ಒತ್ತಿಕೊಂಡು ಮಾಯವಾಗುತ್ತದೆ. ಕಾಳಿನ ಆಕಾರ ಹೋಗಿ ಗೋಲಿಯ ಆಕಾರ ಬರುತ್ತದೆ. ಯಂತ್ರದ ಡಾಪ್ಲರ್ ಗುಂಡಿ ಒತ್ತಿದರೆ ರಕ್ತ ಹರಿಯುವುದು ಬಣ್ಣದಲ್ಲಿ ಕಾಣುತ್ತದೆ. ಒಳ್ಳೆಯ ಗ್ರಂಥಿಯಲ್ಲಿ ಕಣ್ಣಿನಿಂದ ಒಂದು ಗಿಡದಂತೆ ಕವಲೊಡೆದಿರುತ್ತದೆ. ಕೆಟ್ಟದ್ದರಲ್ಲಿ ಅಂಚಿನ ಸುತ್ತ ಅಲ್ಲಲ್ಲಿ ಹೊಸ ನಾಳಗಳು ಮಿನುಗುತ್ತವೆ. ನಡುವೆ ಕೊಳೆತು ನೀರಾದ ಜಾಗ ಇದ್ದರೆ ನೆಕ್ರೋಸಿಸ್ ಅಂತ ಬರೆಯುತ್ತೇವೆ. ಥೈರಾಯ್ಡ್ ಕ್ಯಾನ್ಸರ್ ಹರಡಿದ ಗ್ರಂಥಿಯಲ್ಲಿ ಕೆಲವೊಮ್ಮೆ ಸಣ್ಣ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಸಿಗುತ್ತವೆ. ಅಂಚು ಹರಿದಂತೆ ಇದ್ದರೆ ರೋಗ ಗ್ರಂಥಿಯ ಹೊದಿಕೆ ದಾಟಿ ಹೊರಗೆ ಬಂದಿದೆಯೇನೋ ಅನ್ನುವ ಚಿಂತೆ.

ಅಳತೆಯನ್ನು ಎಲ್ಲರೂ ಮೊದಲು ಕೇಳುತ್ತಾರೆ. ಕುತ್ತಿಗೆಯಲ್ಲಿ ಅಡ್ಡಳತೆ 10 ಮಿಲಿಮೀಟರ್ ಆಸುಪಾಸು ಬಂದರೆ ಗಮನ ಕೊಡುತ್ತೇವೆ, ನಿಜ. ಆದರೆ ಅಳತೆಯೊಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. ಹುಳುಕು ಹಲ್ಲು ಇದ್ದವರಿಗೆ 15 ಮಿಲಿಮೀಟರಿನ ಒಳ್ಳೆಯ ಗ್ರಂಥಿ ಇರುತ್ತದೆ, 6 ಮಿಲಿಮೀಟರಿನದರಲ್ಲಿ ಕ್ಯಾನ್ಸರ್ ಕೂತಿರುತ್ತದೆ. ದವಡೆಯ ಕೆಳಗಿನವು ಮೊದಲಿನಿಂದಲೂ ಸ್ವಲ್ಪ ದುಂಡಗೇ ಇರುತ್ತವೆ. ಎಲ್ಲ ಲಕ್ಷಣ ಕೂಡಿಸಿ ನೋಡಬೇಕು.

‘ರಿಯಾಕ್ಟಿವ್’ ಅಂತ ಬರೆದಿದ್ದಾರೆ. ಒಳ್ಳೇದಾ, ಕೆಟ್ಟದ್ದಾ?

ಸೋಂಕಿಗೋ ಹುಣ್ಣಿಗೋ ಪ್ರತಿಯಾಗಿ ಊದಿದೆ, ಆಕಾರ ಕೆಟ್ಟಿಲ್ಲ ಅಂತ ಅರ್ಥ. ಸಾಮಾನ್ಯವಾಗಿ ಸಮಾಧಾನದ ಮಾತು. ‘ಸಸ್ಪಿಷಿಯಸ್’ ಅಂದರೆ ಅನುಮಾನ ಇದೆ ಅಂತ. ಕ್ಯಾನ್ಸರ್ ಖಾತ್ರಿ ಆಯಿತು ಅಂತ ಅಲ್ಲ. ಈ ಪದ ಕಂಡರೆ ಮುಂದಿನ ಹೆಜ್ಜೆ ಸೂಜಿ ಪರೀಕ್ಷೆ.

ಮೇಡಂರಿ, ಇದು ಗಂಡಮಾಲಿ ಇರಬಹುದೇನ್ರಿ?

ಇರಬಹುದು. ಇದನ್ನು ಕೇಳುವವರು ಹೆಚ್ಚಾಗಿ ಹಿರಿಯರು, ಅವರ ಅನುಮಾನ ಸರಿಯಾದದ್ದೇ. ಗಂಡಮಾಲೆ ಅಂದರೆ ಕುತ್ತಿಗೆಯ ಗ್ರಂಥಿಗಳ ಕ್ಷಯ, ಟಿಬಿ. ನಮ್ಮ ದೇಶದಲ್ಲಿ ಇದು ಇನ್ನೂ ಸಾಕಷ್ಟಿದೆ. ಕಷ್ಟ ಏನಂದರೆ ಪರದೆಯ ಮೇಲೆ ಟಿಬಿ ಗ್ರಂಥಿಯೂ ಕ್ಯಾನ್ಸರ್ ಗ್ರಂಥಿಯ ಹಾಗೇ ಕಾಣಬಲ್ಲದು. ದುಂಡಗೆ, ಕಣ್ಣು ಮಾಯ, ನಡುವೆ ನೀರು. ಟಿಬಿಯವು ಒಂದಕ್ಕೊಂದು ಅಂಟಿ ಗೊಂಚಲಾಗುವುದು ಜಾಸ್ತಿ. ಆದರೂ ನೋಡಿಯೇ ತೀರ್ಪು ಕೊಡಲು ಆಗುವುದಿಲ್ಲ.

ಸ್ತನ ಕ್ಯಾನ್ಸರ್ ಇದ್ದ ಒಬ್ಬ ತಾಯಿ ಬಂದಿದ್ದರು. ಕಂಕುಳಲ್ಲಿ ಮೂರು ದುಂಡು ಗ್ರಂಥಿ. ಹರಡಿದೆ ಅಂತ ಮನೆಯವರೆಲ್ಲ ತೀರ್ಮಾನ ಮಾಡಿಕೊಂಡಿದ್ದರು, ನನಗೂ ಅನುಮಾನ ಬಲವಾಗಿತ್ತು. ಸೂಜಿ ಹಾಕಿ ತೆಗೆದದ್ದರಲ್ಲಿ ಟಿಬಿ ಬಂತು. ಇದರ ವಿರುದ್ಧದ್ದೂ ಆಗುತ್ತದೆ. ಕುತ್ತಿಗೆಯ ಗಂಟಿಗೆ ಪರೀಕ್ಷೆಯೇ ಇಲ್ಲದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಕ್ಯಾನ್ಸರ್ ಸಿಕ್ಕವರನ್ನು ನೋಡಿದ್ದೇನೆ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ. ಅದಕ್ಕೆ ಸೂಜಿಯಲ್ಲಿ ಬಂದದ್ದನ್ನು ಟಿಬಿ ಪರೀಕ್ಷೆಗೂ ಕಳಿಸಿ ಅಂತ ನೀವೇ ನೆನಪಿಸಿದರೂ ತಪ್ಪಿಲ್ಲ.

ಸೂಜಿ ಹಾಕಿದ್ರ ಬ್ಯಾನಿ ಮೈತುಂಬ ಹರಡತೈತಿ ಅಂತಾರಲ್ರಿ?

ಈ ಮಾತಿಗೆ ಹೆದರಿ ಮನೆಗೆ ವಾಪಸ್ ಹೋದವರು ಎಷ್ಟೋ ಮಂದಿ. ಆರು ತಿಂಗಳು ಬಿಟ್ಟು ಬರುತ್ತಾರೆ. ಆಗ ಗಂಟು ನಿಂಬೆಹಣ್ಣಿನಷ್ಟಾಗಿ ಚರ್ಮಕ್ಕೆ ಅಂಟಿರುತ್ತದೆ. ‘ಸೂಜಿ ಹಾಕಿಸಿದ ಮೇಲೆ ಅವರ ಮಾವ ಉಳಿಯಲಿಲ್ಲ’ ಅನ್ನುವ ಕಥೆ ಪ್ರತಿ ಊರಲ್ಲೂ ಇದೆ. ಅವರನ್ನು ಒಯ್ದದ್ದು ರೋಗ. ಸೂಜಿ ಹಾಕುವಷ್ಟರಲ್ಲಿ ತಡವಾಗಿತ್ತು.

ಇಲ್ಲಿ ಬಳಸುವುದು ತೆಳ್ಳಗಿನ ಸೂಜಿ, ಹೆಚ್ಚುಕಮ್ಮಿ ರಕ್ತ ತೆಗೆಯುವ ಸೂಜಿಯಷ್ಟು ದಪ್ಪ ಅಥವಾ ಅದಕ್ಕಿಂತ ಸಣ್ಣದು. ಎಫ್‌ಎನ್‌ಎಸಿ ಅನ್ನುವುದು ಇದನ್ನೇ. ಪರದೆಯಲ್ಲಿ ನೋಡುತ್ತಲೇ ಸೂಜಿಯ ತುದಿಯನ್ನು ಗ್ರಂಥಿಯೊಳಗೆ, ಅನುಮಾನ ಇರುವ ಅದೇ ಉಬ್ಬಿಗೆ ಒಯ್ಯುತ್ತೇವೆ. ಬೆಳ್ಳಗಿನ ಗೆರೆಯೊಂದು ಕಪ್ಪು ಕಾಳಿನೊಳಗೆ ಹೋಗುವುದು ಸ್ಪಷ್ಟವಾಗಿ ಕಾಣುತ್ತದೆ. ಪಕ್ಕದ ರಕ್ತನಾಳವನ್ನು ತಪ್ಪಿಸಬಹುದು. ಕೈಗೆ ಸಿಗದ ಗಂಟನ್ನೂ ಹೀಗೆ ಪರೀಕ್ಷಿಸಬಹುದು. ಸ್ಕ್ಯಾನಿಂಗಿನ ದೊಡ್ಡ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ. ಸೂಜಿ ಹೋದ ದಾರಿಯಲ್ಲಿ ರೋಗ ಬೆಳೆಯುವುದು ತೀರಾ ಅಪರೂಪ. ಸಾಮಾನ್ಯವಾಗಿ ಆಗುವುದು ಒಂದೆರಡು ದಿನದ ನೋವು, ಚರ್ಮ ಸ್ವಲ್ಪ ಕಂದುವುದು.

ಕೆಲವರಿಗೆ ಸ್ವಲ್ಪ ದಪ್ಪ ಸೂಜಿಯಿಂದ ತುಣುಕು ತೆಗೆಯಬೇಕಾಗುತ್ತದೆ, ಅದು ಕೋರ್ ಬಯಾಪ್ಸಿ. ಲಿಂಫೋಮಾ, ಅಂದರೆ ಗ್ರಂಥಿಯಲ್ಲೇ ಹುಟ್ಟುವ ಕ್ಯಾನ್ಸರ್ ಅನುಮಾನ ಇದ್ದರೆ ತೆಳು ಸೂಜಿಯ ಮಾದರಿ ಸಾಲುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.

ಸ್ಕ್ಯಾನ್ ಚೊಲೋ ಬಂದಿದೆ. ಆದರೂ ಸರ್ಜನ್ ಕುತ್ತಿಗೆಯ ಗ್ರಂಥಿ ತೆಗೆಯಬೇಕು ಅಂತಾರೆ. ಯಾಕೆ?

ಬಾಯಿ ಕ್ಯಾನ್ಸರಿನವರ ಮನೆಯಲ್ಲಿ ಈ ಮಾತಿಗೆ ಜಗಳವೇ ಆಗುತ್ತದೆ. ಸರ್ಜನ್ ದುಡ್ಡಿಗಾಗಿ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೆರಡು ಮಿಲಿಮೀಟರಿನ ರೋಗದ ಕಣ ಪರದೆಯಲ್ಲಿ ಕಾಣುವುದೇ ಇಲ್ಲ. ನನ್ನ ಯಂತ್ರಕ್ಕೂ ಕಾಣುವುದಿಲ್ಲ, ಬೆಂಗಳೂರಿನ ಯಂತ್ರಕ್ಕೂ ಕಾಣುವುದಿಲ್ಲ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಆರಂಭದ ಹಂತದ, ಕುತ್ತಿಗೆಯಲ್ಲಿ ಗಂಟು ಇಲ್ಲದ ಬಾಯಿ ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದರು. ಒಂದು ಗುಂಪಿಗೆ ಮೊದಲ ಆಪರೇಷನ್ನಿನಲ್ಲೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆಯುವುದು ಅಂತ ಕಾದರು. 2015ರಲ್ಲಿ ಫಲಿತಾಂಶ ಬಂತು. ಮೂರು ವರ್ಷದ ಹೊತ್ತಿಗೆ ಮೊದಲ ಗುಂಪಿನಲ್ಲಿ ಬದುಕಿದ್ದವರು ಶೇ. 80, ಕಾದ ಗುಂಪಿನಲ್ಲಿ ಶೇ. 67.5. ನಮ್ಮ ದೇಶದ ರೋಗಿಗಳ ಮೇಲೆಯೇ ನಡೆದ ಅಧ್ಯಯನ ಇದು, ಅದಕ್ಕೆ ಇದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ನನ್ನ ವರದಿ ಚೊಲೋ ಇದೆ ಅನ್ನುವುದನ್ನು ಹಿಡಿದುಕೊಂಡು ಸರ್ಜನ್ನರ ಮಾತು ತಳ್ಳಿಹಾಕಬೇಡಿ.

ಸ್ತನ ಕ್ಯಾನ್ಸರಿಗೂ ಇದೇ ನಿಯಮವಾ?

ಇಲ್ಲ, ಅಲ್ಲಿ ಲೆಕ್ಕ ಬೇರೆ. ಮೊದಲೆಲ್ಲ ಕಂಕುಳಿನ ಗ್ರಂಥಿಗಳನ್ನು ಬಹುಪಾಲು ಎಲ್ಲರಿಗೂ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಕೈ ಬಾವು ಬರುತ್ತದೆ, ವರ್ಷಗಟ್ಟಲೆ ಉಳಿಯುತ್ತದೆ. ದಿನಾ ಮೂವತ್ತು ಜೋಳದ ರೊಟ್ಟಿ ಬಡಿಯುವ ಕೈ ಅದು. ಬಳೆ ಏರದಷ್ಟು ಊದಿದ ಮುಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರುವವರನ್ನು ನೋಡಿದರೆ, ಬೇಡದ ಕಡೆ ಗ್ರಂಥಿ ತೆಗೆಯಬಾರದು ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಅರ್ಥವಾಗುತ್ತದೆ.

ಈಗ ಕಂಕುಳ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ನೀಲಿ ಬಣ್ಣ ಅಥವಾ ಸ್ವಲ್ಪ ವಿಕಿರಣದ ಔಷಧ ಚುಚ್ಚಿ, ರೋಗ ಮೊದಲು ತಲುಪಬಹುದಾದ ಒಂದೆರಡು ಗ್ರಂಥಿಯನ್ನಷ್ಟೇ ತೆಗೆದು ನೋಡುತ್ತಾರೆ. ಇದು ಸೆಂಟಿನೆಲ್ ಬಯಾಪ್ಸಿ. 2023ರಲ್ಲಿ ಇಟಲಿಯವರ ನೇತೃತ್ವದ ಸೌಂಡ್ ಅನ್ನುವ ಅಧ್ಯಯನ ಇನ್ನೂ ಮುಂದೆ ಹೋಯಿತು. ಗಡ್ಡೆ 2 ಸೆಂಟಿಮೀಟರಿನೊಳಗೆ ಇದ್ದು, ಕಂಕುಳ ಸ್ಕ್ಯಾನಿನಲ್ಲಿ ಅನುಮಾನ ಇಲ್ಲದಿದ್ದವರಿಗೆ ಅದನ್ನೂ ಬಿಟ್ಟು ನೋಡಿದರು. ಐದು ವರ್ಷದ ನಂತರ ರೋಗ ದೂರದ ಅಂಗಗಳಿಗೆ ಹರಡದೆ ಬದುಕಿದ್ದವರು ಸೆಂಟಿನೆಲ್ ಬಯಾಪ್ಸಿ ಮಾಡಿದ ಗುಂಪಿನಲ್ಲಿ ಶೇ. 97.7, ಬಿಟ್ಟವರಲ್ಲಿ ಶೇ. 98. ಒಂದು ಸ್ಕ್ಯಾನ್ ಕೆಲವರ ಆಪರೇಷನ್ನನ್ನೇ ತಪ್ಪಿಸುವ ಕಾಲ ಬಂದಿದೆ ಅಂತ ನನಗೆ ನಿಜವಾಗಿ ಖುಷಿಯಾಯಿತು. ಆದರೆ ಆ ಹೆಂಗಸರಲ್ಲಿ ಹೆಚ್ಚಿನವರ ಗಡ್ಡೆ ಸಣ್ಣದು, ಸೌಮ್ಯ ಜಾತಿಯದು. ನಮ್ಮಲ್ಲಿ ಬಹಳಷ್ಟು ಮಂದಿ ಗಡ್ಡೆ ದೊಡ್ಡದಾದ ಮೇಲೆ ಬರುತ್ತಾರೆ. ನಿಮಗೆ ಯಾವುದು ಸರಿ ಅಂತ ನಿಮ್ಮ ಕ್ಯಾನ್ಸರ್ ವೈದ್ಯರೇ ಹೇಳಬೇಕು.

ಸಿಟಿ, ಎಂಆರ್‌ಐ ಮಾಡಿಸಿದರೆ ಇದು ಬೇಡ ಅಲ್ವಾ?

ಎರಡರ ಕೆಲಸ ಬೇರೆ. ಎದೆಯೊಳಗೆ, ಎಲುಬಿನ ಹಿಂದೆ, ಗಂಟಲಿನ ಆಳದಲ್ಲಿರುವ ಗ್ರಂಥಿ ನನ್ನ ಪ್ರೋಬಿಗೆ ಎಟಕುವುದಿಲ್ಲ. ಗಾಳಿ ಮತ್ತು ಎಲುಬು ದಾಟಿ ಈ ಶಬ್ದ ಹೋಗುವುದಿಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಿಬ್ಬೊಟ್ಟೆಯ ಗ್ರಂಥಿ ನೋಡಲು ಎಂಆರ್‌ಐ, ಸಿಟಿ ಬೇಕು. ಚರ್ಮದ ಸಮೀಪದ ಸಣ್ಣ ಗ್ರಂಥಿಯ ಒಳಗಿನ ರಚನೆ ನೋಡಲು, ಸೂಜಿ ಹಾಕಲು ಅಲ್ಟ್ರಾಸೌಂಡ್ ಮೇಲು.

ಎರಡು ಕಡೆ ಮಾಡಿಸಿದೆವು, ಎರಡು ತರಹ ವರದಿ ಬಂತು. ಯಾರನ್ನು ನಂಬೋದು?

ಈ ಪರೀಕ್ಷೆ ಮಾಡುವವರ ಕೈ, ಕಣ್ಣು, ಕೊಡುವ ಸಮಯದ ಮೇಲೆ ನಿಂತಿದೆ. ಹೊರಗಿನ ಒಂದು ಕಡೆಯಿಂದ ‘ಕುತ್ತಿಗೆ ಸಾಮಾನ್ಯ’ ಅಂತ ಒಂದೇ ಸಾಲಿನ ವರದಿ ಹಿಡಿದು ಒಬ್ಬರು ಬಂದಿದ್ದರು. ಅವರಿಗೆ ನಾಲಿಗೆ ಕ್ಯಾನ್ಸರ್ ಇರುವುದನ್ನು ಅಲ್ಲಿ ಯಾರೂ ಹೇಳಿರಲಿಲ್ಲ. ಮಾಡಿದವರು ಥೈರಾಯ್ಡ್ ನೋಡಿ ಕಳಿಸಿದ್ದರು. ಚೀಟಿಯಲ್ಲಿ ಯಾವ ರೋಗ, ಯಾವ ಬದಿ ಅಂತ ಇರಬೇಕು. ಬಯಾಪ್ಸಿ ವರದಿ ಇದ್ದರೆ ಮೊದಲು ಅದನ್ನೇ ಕೈಗೆ ಕೊಡಿ. ವರದಿಯಲ್ಲಿ ಗ್ರಂಥಿ ಯಾವ ಜಾಗದ್ದು, ಅಳತೆ ಎಷ್ಟು, ಹೈಲಂ ಇದೆಯಾ ಇಲ್ಲವಾ ಅಂತ ಇದೆಯೇ ನೋಡಿ. ಕುತ್ತಿಗೆಯ ಜಾಗಗಳಿಗೆ ಲೆವೆಲ್ ಅಂತ ಸಂಖ್ಯೆ ಹಾಕಿರುತ್ತೇವೆ, ಸರ್ಜನ್ನರಿಗೆ ಅದು ನಕ್ಷೆ ಇದ್ದಂತೆ.

ಎಲ್ಲಿ ಮಾಡಿಸಬಹುದು? ಖರ್ಚಿಗೆ ದಾರಿ ಇದೆಯಾ?

ಹುಬ್ಬಳ್ಳಿಯ ಕಿಮ್ಸ್, ಹೆಸರು ಬದಲಾದರೂ ಜನ ಹಾಗೇ ಕರೆಯುತ್ತಾರೆ. ನವನಗರದ ಕರ್ನಾಟಕ ಕ್ಯಾನ್ಸರ್ ಆಸ್ಪತ್ರೆ, ಸತ್ತೂರಿನ ಎಸ್‌ಡಿಎಂ ಇವೆ. ಮೂರೂ ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ದಾರಿಯಲ್ಲೇ ಸಿಗುತ್ತವೆ. ಗದಗ, ಹಾವೇರಿಯವರು ಮೊದಲು ತಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ರೆಫರಲ್ ಚೀಟಿ ಬರೆಸಿಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯ ಇದೆ. ಯಾವ ಪರೀಕ್ಷೆ ಅದರಲ್ಲಿ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಗಂಟಿಗೆ ಲೇಪ ಹಚ್ಚಿಸಬಹುದಾ?

ದಯವಿಟ್ಟು ಬೇಡ. ಲೇಪ, ಬರೆ, ತಿಕ್ಕುವುದು ಯಾವುದೂ ಬೇಡ. ಬರೆ ಹಾಕಿದ ಜಾಗ ಗಾಯವಾಗಿ, ಗ್ರಂಥಿ ಸೋಂಕಿನಿಂದಲೂ ಊದುತ್ತದೆ. ಆಮೇಲೆ ಯಾವುದು ಸೋಂಕು, ಯಾವುದು ರೋಗ ಅಂತ ಬೇರ್ಪಡಿಸುವುದೇ ಕಷ್ಟ. ಆಪರೇಷನ್ನೂ ಮುಂದೆ ಹೋಗುತ್ತದೆ.

ಗಂಟಿಗೆ ಹರಡಿದೆ ಅಂದರೆ ಕೊನೇ ಹಂತ ಅಂತಲೇ ಅಲ್ವಾ?

ಅಲ್ಲ. ಹತ್ತಿರದ ಗ್ರಂಥಿಗೆ ಹರಡುವುದು ಬೇರೆ, ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗಕ್ಕೆ ಹರಡುವುದು ಬೇರೆ. ಸಣ್ಣ ಸ್ತನ ಕ್ಯಾನ್ಸರ್ ಕಂಕುಳಿನ ಒಂದೆರಡು ಗ್ರಂಥಿಗೆ ಬಂದಿದ್ದರೂ ಅದು ಸಾಮಾನ್ಯವಾಗಿ ಎರಡನೇ ಹಂತದಲ್ಲೇ ಇರುತ್ತದೆ. ಬಾಯಿ ಕ್ಯಾನ್ಸರಿನಲ್ಲಿ ಅದೇ ಬದಿಯ ಒಂದು ಸಣ್ಣ ಗ್ರಂಥಿ ಇದ್ದರೆ ಮೂರನೇ ಹಂತ ಅಂತ ಎಣಿಸುತ್ತಾರೆ. ಎರಡಕ್ಕೂ ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ. ಥೈರಾಯ್ಡಿನ ಪ್ಯಾಪಿಲರಿ ಜಾತಿಯದು ಕುತ್ತಿಗೆಗೆ ಹರಡಿದರೂ ಬಹಳ ಮಂದಿ ದೀರ್ಘಕಾಲ ಚೆನ್ನಾಗಿ ಬದುಕುತ್ತಾರೆ.

‘ಅಪ್ಪಾಗ ಹೇಳಬ್ಯಾಡ್ರಿ’ ಅಂದರೆ ನೀವು ಹೇಳದೇ ಇರ್ತೀರಾ?

ಮಕ್ಕಳು ಬಾಗಿಲ ಹೊರಗೇ ನನ್ನನ್ನು ನಿಲ್ಲಿಸಿ ಕೈ ಮುಗಿಯುತ್ತಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅಪ್ಪ ಒಳಗೆ ಮಲಗಿ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಒಬ್ಬ ಹಿರಿಯರು ಕುತ್ತಿಗೆ ಒರೆಸಿಕೊಳ್ಳುತ್ತ ಕೇಳಿದರು: ‘ಹುಡುಗರಿಗೆ ಅಂಜಿಕಿ ಐತಿ, ಅವರ ಮುಂದ ನಾ ಏನೂ ಗೊತ್ತಿಲ್ಲದಂಗ ಇರತೇನಿ. ನೀವು ನನಗ ಖರೇ ಹೇಳ್ರಿ.’ ಅವತ್ತಿನಿಂದ ರೋಗಿ ನೇರವಾಗಿ ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ. ಪರದೆಯಲ್ಲಿ ಕಂಡದ್ದನ್ನು, ಅನುಮಾನ ಎಷ್ಟಿದೆ ಅನ್ನುವುದನ್ನು, ಮುಂದೆ ಏನು ಮಾಡಬೇಕು ಅನ್ನುವುದನ್ನು ಮೆಲ್ಲಗೆ ಹೇಳುತ್ತೇನೆ.

ಚಿಕಿತ್ಸೆ ಮುಗಿದ ಮೇಲೂ ಸ್ಕ್ಯಾನಿಗೆ ಬರಬೇಕಾ?

ನಿಮ್ಮ ವೈದ್ಯರು ಹೇಳಿದ ದಿನಕ್ಕೆ ಬನ್ನಿ. ಮೊದಲ ಎರಡು ವರ್ಷ ಪದೇ ಪದೇ ಕರೆಯುತ್ತಾರೆ, ಬಾಯಿ ಕ್ಯಾನ್ಸರ್ ವಾಪಸ್ ಬರುವುದಾದರೆ ಹೆಚ್ಚಾಗಿ ಆ ಅವಧಿಯಲ್ಲೇ. ಆಪರೇಷನ್, ರೇಡಿಯೇಷನ್ ಆದ ಕುತ್ತಿಗೆ ಗಟ್ಟಿಯಾಗಿರುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಅಲ್ಲಿ ಹಳೆಯ ಚಿತ್ರದ ಪಕ್ಕ ಹೊಸ ಚಿತ್ರ ಇಟ್ಟು ನೋಡಿದರೆ ಮಾತ್ರ ಬದಲಾವಣೆ ಗೊತ್ತಾಗುವುದು. ಅದಕ್ಕೆ ಹಳೆಯ ವರದಿ, ಫಿಲ್ಮು, ಸಿಡಿ ಎಲ್ಲ ಒಂದೇ ಕೈಚೀಲದಲ್ಲಿ ಹಾಕಿ ಇಡಿ. ಮೊಳೆಗೆ ನೇತುಹಾಕಿದ ಆ ಚೀಲವನ್ನು ಹೊರಡುವಾಗ ಮರೆಯಬೇಡಿ.